ಎರಡು ಪೆಸೊ ಜಗಳ, ಒಂದು ಕಲ್ಲಚ್ಚು: ಕಟಿಪುನಾನ್ ಗುಟ್ಟು ರಟ್ಟಾದದ್ದು ಹೀಗೆ

[ಪರದೆ: ಮನಿಲಾದ ಹಳೆಯ ನಕಾಶೆ. ಟೊಂಡೊ ಭಾಗ ನಿಧಾನವಾಗಿ ಹತ್ತಿರ ಬರುತ್ತದೆ]

1896, ಆಗಸ್ಟ್ 19. ಸ್ಪೇನ್ ಆಳುತ್ತಿದ್ದ ಫಿಲಿಪೀನ್ಸ್‌ನ ಮನಿಲಾ ನಗರ. ಅಲ್ಲಿನ ಟೊಂಡೊ ಚರ್ಚಿನ ಪಾದ್ರಿ ಮರಿಯಾನೊ ಹಿಲ್, ದಿಯಾರಿಯೊ ದೆ ಮನಿಲಾ ಪತ್ರಿಕೆಯ ಅಚ್ಚುಕೂಟಕ್ಕೆ ಹೋಗಿ ಮೂಲೆಮೂಲೆ ಜಾಲಾಡಿದ. ಸಿಕ್ಕಿದ್ದು ಒಂದು ಕಲ್ಲಚ್ಚು, ರಸೀದಿ ಮುದ್ರಿಸುವ ಕಲ್ಲು. ಯಾರ ರಸೀದಿ? ಸ್ಪೇನನ್ನು ಓಡಿಸಲೆಂದೇ ಹುಟ್ಟಿದ ಕಟಿಪುನಾನ್ ಎಂಬ ಗುಪ್ತ ಸಂಘದ್ದು. ಗುಪ್ತ ಸಂಘಕ್ಕೆ ರಸೀದಿ ಯಾಕಪ್ಪಾ ಬೇಕಿತ್ತು ಅಂತ ಕೇಳ್ತೀರಾ? ಕೇಳಲೇಬೇಕಾದ ಪ್ರಶ್ನೆ.

[ಪರದೆ: ಸೆಡುಲಾ ಚೀಟಿಯ ಚಿತ್ರ]

ಅದಕ್ಕೂ ಮುಂಚೆ ಜನರ ಸಿಟ್ಟು ಎಲ್ಲಿಂದ ಬಂತು ನೋಡೋಣ. 1565ರಿಂದ ಬೇರೂರಿದ ಸ್ಪೇನ್, ತಲೆಗಂದಾಯ ಎತ್ತುತ್ತಿತ್ತು. ಅದರ ಜೊತೆಗೆ ಪೊಲೊ, ನಮ್ಮ ಮಾತಲ್ಲಿ ಬಿಟ್ಟಿ ಚಾಕರಿ. 16ರಿಂದ 60 ವಯಸ್ಸಿನ ಗಂಡಸರು ವರ್ಷಕ್ಕೆ 40 ದಿನ ಕಾಡಲ್ಲಿ ಮರ ಕಡಿಯಬೇಕು, ಹಡಗು, ರಸ್ತೆ, ಚರ್ಚು ಕಟ್ಟಬೇಕು. ದುಡ್ಡು ಕಟ್ಟಿದರೆ ವಿನಾಯಿತಿ. ಹಾಗಾಗಿ ಬೆವರು ಸುರಿಸುತ್ತಿದ್ದವರು ಬಡವರೇ. 1884ರಲ್ಲಿ ಈ 40 ದಿನ 15ಕ್ಕೆ ಇಳಿಯಿತು. ಅದೇ ವರ್ಷ ತಲೆಗಂದಾಯದ ಜಾಗಕ್ಕೆ ಸೆಡುಲಾ ಬಂತು. 18 ದಾಟಿದ ಗಂಡು, ಹೆಣ್ಣು ಎಲ್ಲರೂ ದುಡ್ಡು ಕೊಟ್ಟು ಪಡೆಯಬೇಕಾದ ಚೀಟಿ. ಕಂದಾಯದ ರಸೀದಿಯೂ ಅದೇ, ಗುರುತಿನ ಚೀಟಿಯೂ ಅದೇ. ಈ ಚೀಟಿಯನ್ನು ನೆನಪಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

[ಪರದೆ: ಮೂರು ಚುಕ್ಕಿ, ಮೇಲಿನದರಿಂದ ಕೆಳಗಿನ ಎರಡಕ್ಕೆ ಗೆರೆ. ಕೆಳಗಿನ ಎರಡರ ನಡುವೆ ಗೆರೆ ಇಲ್ಲ]

1892ರ ಜುಲೈ 7. ಲೇಖಕ, ಕಣ್ಣಿನ ವೈದ್ಯ ಹೋಸೆ ರಿಸಾಲ್‌ನನ್ನು ದೂರದ ಮಿಂದನಾವೊ ದ್ವೀಪದ ದಪಿತಾನ್‌ಗೆ ಗಡೀಪಾರು ಮಾಡುತ್ತಾರೆಂಬ ಸುದ್ದಿ ಹೊರಬಿತ್ತು. ಆ ರಾತ್ರಿ ಮನಿಲಾದ ಅಸ್ಕಾರಗಾ ಬೀದಿಯ 72ನೇ ನಂಬರ್ ಮನೆಯಲ್ಲಿ ಕೆಲವರು ಸೇರಿದರು. ಕಟಿಪುನಾನ್ ಹುಟ್ಟಿದ್ದು ಅಲ್ಲೇ. ಆಂದ್ರೆಸ್ ಬೊನಿಫಾಸಿಯೊ ಅವರಲ್ಲೊಬ್ಬ, ಗೋದಾಮಿನ ನೌಕರ. ಅರ್ಜಿ ಬರೆದು ಸುಧಾರಣೆ ಕೇಳುವ ಕಾಲ ಮುಗಿಯಿತು ಅನ್ನೋದು ಅವರ ತೀರ್ಮಾನ.

ಸದಸ್ಯರನ್ನು ಸೇರಿಸಲು ಅವರು ಹಿಡಿದದ್ದು ತ್ರಿಕೋನದ ದಾರಿ. ಪ್ರತಿಯೊಬ್ಬ ಇಬ್ಬರನ್ನು ಕರೆತರಬೇಕು. ಆ ಇಬ್ಬರಿಗೂ ಅವನು ಗೊತ್ತು, ಆದರೆ ಅವರಿಬ್ಬರಿಗೆ ಒಬ್ಬರಿಗೊಬ್ಬರು ಗೊತ್ತಿಲ್ಲ. ಲೆಕ್ಕ ಹಾಕಿ: ಯಾರೇ ಸಿಕ್ಕಿಬಿದ್ದು ಏಟು ತಿಂದರೂ ಬಾಯಿಬಿಡಬಹುದಾದ ಹೆಸರು ಮೂರೇ. ಮೇಲಿನವನು ಒಬ್ಬ, ಕೆಳಗಿನವರು ಇಬ್ಬರು. ವ್ಯವಸ್ಥೆ ಚೊಕ್ಕವಾಗಿತ್ತು, ಆದರೆ ವಿಪರೀತ ನಿಧಾನ, ತೊಡಕು ಬೇರೆ. ಕೆಲವೇ ತಿಂಗಳಲ್ಲಿ ಕೈಬಿಟ್ಟರು. ಸಂಘ ಬೆಳೆದದ್ದು ಈ ನಿರ್ಧಾರದಿಂದ. ಮುಂದೆ ಸಿಕ್ಕಿಬಿದ್ದದ್ದರ ಬೇರೂ ಇಲ್ಲೇ ಇದೆ ಅನ್ನಿಸುತ್ತದೆ.

[ಪರದೆ: ಕಪ್ಪು, ಹಸಿರು, ಕೆಂಪು ಮುಸುಕು]

ತ್ರಿಕೋನದ ಬದಲು ಬಂದದ್ದು ಊರೂರಿನ ಶಾಖೆ, ಮೂರು ದರ್ಜೆಯ ಸದಸ್ಯತ್ವ. ಹೊಸಬ ಕಟಿಪೊನ್, ಕಪ್ಪು ಮುಸುಕು. ನಂತರ ಕವಾಲ್, ಅಂದರೆ ಯೋಧ, ಹಸಿರು ಮುಸುಕು. ಮೇಲಿನವನು ಬಯಾನಿ, ಅಂದರೆ ವೀರ, ಕೆಂಪು. ಒಂದೊಂದು ದರ್ಜೆಗೂ ಒಂದೊಂದು ಗುಟ್ಟಿನ ಮಾತು. ಕಟಿಪೊನ್‌ಗೆ ‘ಅನಾಕ್ ನಂಗ್ ಬಯಾನ್’, ನಾಡಿನ ಮಗ ಎಂದರ್ಥ. ಕವಾಲ್‌ಗೆ ‘ಗೊಂಬುರ್ಸಾ’: 1872ರಲ್ಲಿ ಸ್ಪೇನ್ ಕತ್ತು ಹಿಸುಕಿ ಕೊಂದ ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ಪಾದ್ರಿಗಳ ಹೆಸರಿನ ಮೊದಲ ತುಣುಕುಗಳು. ಬಯಾನಿಗೆ ‘ರಿಸಾಲ್’. ಅತ್ತ ಗಡೀಪಾರಾದ ಮನುಷ್ಯನಿಗೆ ತನ್ನ ಹೆಸರನ್ನು ಹೀಗೆ ಬಳಸಲು ಯಾರೂ ಕೇಳಿರಲಿಲ್ಲ!

ಬರವಣಿಗೆಗೆ ಗೂಢಲಿಪಿ. ಕಪ್ಪು ಮುಸುಕಿನ ಮೇಲೆ ಮೂರು ಅಕ್ಷರ ಇರುತ್ತಿದ್ದವು: ಝಡ್, ಜೋಡಿ ಎಲ್, ಬಿ. ಬಿಡಿಸುವುದು ಹೀಗೆ. ‘ಎ’ ಬದಲು ‘ಝಡ್’, ‘ಎನ್’ ಬದಲು ಎರಡು ‘ಎಲ್’, ‘ಬಿ’ ಇದ್ದ ಹಾಗೇ. ಅನಾಕ್, ನಂಗ್, ಬಯಾನ್. ಕೀಲಿ ಗೊತ್ತಿದ್ದವನಿಗೆ ಕ್ಷಣದ ಕೆಲಸ.

ಸೇರುವವನನ್ನು ಕತ್ತಲ ಕೋಣೆಗೆ ಕರೆದೊಯ್ದು ಮೂರು ಪ್ರಶ್ನೆ ಕೇಳುತ್ತಿದ್ದರು: ಹಿಂದೆ ಈ ನಾಡು ಹೇಗಿತ್ತು, ಈಗ ಹೇಗಿದೆ, ಮುಂದೆ ಹೇಗಿರುತ್ತದೆ? ಕೊನೆಗೆ ಎಡ ಮುಂಗೈ ಮೇಲೆ ಸಣ್ಣ ಗಾಯ ಮಾಡಿ, ಆ ರಕ್ತದಲ್ಲೇ ಸಹಿ. ಆಮೇಲೆ ಚಂದಾ! ಸೇರುವಾಗ ಒಂದು ರಿಯಾಲ್, ತಿಂಗಳಿಗೆ ಅರ್ಧ ರಿಯಾಲ್. ಒಂದು ಪೆಸೊಗೆ ಎಂಟು ರಿಯಾಲ್. ದುಡ್ಡು ಬಂದಮೇಲೆ ಲೆಕ್ಕ ಬೇಕು, ಲೆಕ್ಕ ಅಂದಮೇಲೆ ರಸೀದಿ. ರಸೀದಿ ಹುಟ್ಟಿದ್ದು ಹೀಗೆ.

[ಪರದೆ: ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕೈ]

1896ರ ಮಾರ್ಚ್‌ನಲ್ಲಿ ಸಂಘದ ಪತ್ರಿಕೆ ಕಲಯಾನ್, ಅಂದರೆ ಸ್ವಾತಂತ್ರ್ಯ, ಹೊರಬಂತು. ಆಸ್ಟ್ರೇಲಿಯಾದಿಂದ ಮರಳಿದ್ದ ಇಬ್ಬರು ಸದಸ್ಯರು ಲಾಟರಿಯಲ್ಲಿ ಗೆದ್ದ ಹಣದಲ್ಲಿ 400 ಪೆಸೊ ಕೊಟ್ಟಿದ್ದರು, ಅದರಲ್ಲಿ ಮುದ್ರಣ ಯಂತ್ರ ಬಂತು. ಅಚ್ಚುಮೊಳೆ ಸಾಲಲಿಲ್ಲ. ಆಗ ದಿಯಾರಿಯೊ ದೆ ಮನಿಲಾದಲ್ಲಿ ಕೆಲಸಕ್ಕಿದ್ದ ಸದಸ್ಯರು ಅಲ್ಲಿಂದಲೇ ಮೊಳೆ ಕದ್ದು ತಂದರು. ಎಂಟು ಪುಟದ ಸಣ್ಣ ಪತ್ರಿಕೆ, ಸಂಚಿಕೆಯ ಮೇಲಿದ್ದ ತಾರೀಖು ಜನವರಿ 18, ಕೈಗೆ ಬಂದದ್ದು ಮಾರ್ಚ್! ಅಚ್ಚಾದ ಜಾಗ ಜಪಾನಿನ ಯೊಕೊಹಾಮಾ ಎಂದು ಸುಳ್ಳು ವಿಳಾಸ. ಪೊಲೀಸರು ಸಮುದ್ರದಾಚೆ ಹುಡುಕಲಿ ಎಂಬ ಲೆಕ್ಕಾಚಾರ.

ಆಮೇಲೆ ಜನ ಮುಗಿಬಿದ್ದು ಸೇರಿದರು. 300ರಿಂದ 30,000ಕ್ಕೆ ಏರಿತು ಎಂದು ಸಂಘದ ವೈದ್ಯ ಪಿಯೊ ವಲೆನ್ಸುವೆಲಾ ಹೇಳಿದ್ದಾನೆ. ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಬೆಳೆದದ್ದಂತೂ ನಿಜ. ಆಯುಧ ಮಾತ್ರ ಬೆಳೆಯಲಿಲ್ಲ. ಜೂನ್‌ನಲ್ಲಿ ಇದೇ ವಲೆನ್ಸುವೆಲಾ ಒಬ್ಬ ಕುರುಡನನ್ನು ಜೊತೆಗೆ ಕರೆದುಕೊಂಡು, ಕಣ್ಣು ತೋರಿಸುವ ನೆಪದಲ್ಲಿ ದಪಿತಾನ್‌ಗೆ ಹೋಗಿ ರಿಸಾಲ್‌ನ ಸಲಹೆ ಕೇಳಿದ. ಸಾಕಷ್ಟು ಬಂದೂಕಿಲ್ಲದೆ ಕೈ ಹಾಕಬೇಡಿ, ಉಳ್ಳವರನ್ನು ಒಲಿಸಿಕೊಳ್ಳಿ ಅಂದ ರಿಸಾಲ್.

ಅಷ್ಟು ಕಾಯಲು ಪುರುಸೊತ್ತು ಸಿಗಲಿಲ್ಲ. ಅಚ್ಚುಕೂಟದ ಇಬ್ಬರು ಸದಸ್ಯರು, ತಿಯೊದೊರೊ ಪತಿನ್ಯೊ ಮತ್ತು ಅಪೊಲೊನಿಯೊ ದೆಲಾಕ್ರೂಸ್, ತಿಂಗಳಿಗೆ ಎರಡು ಪೆಸೊ ಸಂಬಳ ಹೆಚ್ಚಳದ ವಿಷಯಕ್ಕೆ ಕಿತ್ತಾಡಿಕೊಂಡರು. ಪತಿನ್ಯೊ ಅನಾಥಾಲಯದಲ್ಲಿದ್ದ ತಂಗಿ ಹೊನೊರಿಯಾಗೆ ಎಲ್ಲ ಹೇಳಿದ. ಅವಳು ಗಾಬರಿಯಿಂದ ಅತ್ತಳು. ಅಲ್ಲಿನ ಸನ್ಯಾಸಿನಿಯ ಮಾತಿನಂತೆ ಅವನು ಪಾದ್ರಿ ಹಿಲ್ ಬಳಿ ಹೋದ. ಆ ಕಲ್ಲು ಎಲ್ಲಿದೆ ಅಂತಲೂ ಅವನಿಗೆ ಗೊತ್ತಿತ್ತು. ತ್ರಿಕೋನ ಇದ್ದಿದ್ದರೆ ಅವನಿಗೆ ಗೊತ್ತಿರುತ್ತಿದ್ದದ್ದು ಮೂರು ಹೆಸರು. ಆದರೆ ಒಂದೇ ಅಚ್ಚುಕೂಟದಲ್ಲಿ ಸದಸ್ಯರು ಗುಂಪುಗುಂಪಾಗಿ ದುಡಿಯುತ್ತಿದ್ದಾಗ ಮುಸುಕು ಏನು ಮುಚ್ಚೀತು?

[ಪರದೆ: ಹರಿಯುತ್ತಿರುವ ಚೀಟಿಗಳು]

ಬಂಧನ ಶುರುವಾಯಿತು. ಬೊನಿಫಾಸಿಯೊ ಜನರನ್ನು ಮನಿಲಾದ ಹೊರವಲಯದಲ್ಲಿ ಸೇರಿಸಿದ. ಆಗಸ್ಟ್ 23, ಪುಗಾದ್ ಲಾವಿನ್. ದಿನ, ಜಾಗದ ಬಗ್ಗೆ ಇಂದಿಗೂ ವಾದವಿದೆ, ಇದು ಸರ್ಕಾರ ಒಪ್ಪಿಕೊಂಡಿರುವ ಲೆಕ್ಕ. ಎಲ್ಲರೂ ತಮ್ಮ ಸೆಡುಲಾ ತೆಗೆದು ಹರಿದು ಹಾಕಿದರು. ಚೀಟಿ ಇಲ್ಲದೆ ವಾಪಸ್ ಊರಿಗೆ ಹೋಗಿ ತೆಪ್ಪಗೆ ಇರುವ ದಾರಿ ಅಲ್ಲಿಗೆ ಮುಚ್ಚಿತು. ಆಗಸ್ಟ್ 30ರಂದು ಸಾನ್ ಹುವಾನ್‌ನ ಮದ್ದಿನಮನೆ ಮೇಲೆ ಬಿದ್ದರು, ಕೈಗೆ ಬರಲಿಲ್ಲ. ಸ್ಪೇನ್ ಎಂಟು ಪ್ರಾಂತ್ಯಗಳಲ್ಲಿ ಸೇನಾಡಳಿತ ಹೇರಿತು.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇವೆ. ಡಿಸೆಂಬರ್ 30ರಂದು ರಿಸಾಲ್‌ಗೆ ಗುಂಡಿಕ್ಕಿದರು. 1897ರ ಮೇ 10ರಂದು ಬೊನಿಫಾಸಿಯೊನನ್ನು ಕೊಂದದ್ದು ಸ್ಪೇನ್ ಅಲ್ಲ, ದಂಗೆಯ ಇನ್ನೊಬ್ಬ ನಾಯಕ ಎಮಿಲಿಯೊ ಅಗಿನಾಲ್ಡೊ ಕಡೆಯವರೇ. 1898ರ ಜೂನ್ 12ರಂದು ಅಗಿನಾಲ್ಡೊ ಸ್ವಾತಂತ್ರ್ಯ ಘೋಷಿಸಿದ. ಡಿಸೆಂಬರ್‌ನಲ್ಲಿ ಸ್ಪೇನ್ 2 ಕೋಟಿ ಡಾಲರ್ ಪಡೆದು ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಮೆರಿಕ ಹೊರಟದ್ದು 1946ರ ಜುಲೈ 4ರಂದು.

ಆ ಚೀಟಿ? ಫಿಲಿಪೀನ್ಸ್‌ನಲ್ಲಿ ಇಂದಿಗೂ ಇದೆ. ಪುರಸಭೆ ಕೊಡುವ ಸಮುದಾಯ ತೆರಿಗೆಯ ಪ್ರಮಾಣಪತ್ರ, ಮೂಲ ದರ 5 ಪೆಸೊ. ಜನ ಅದನ್ನು ಕರೆಯುವುದು ಈಗಲೂ ಸೆಡುಲಾ ಎಂದೇ.