ಮುಖಪುಟದಲ್ಲಿ ಹೆಸರಿಲ್ಲದ ಸ್ಟಾರ್ ವಾರ್ಸ್ ಲೇಖಕ

[ಪರದೆ ಮೇಲೆ: ಹಳೇ ಪೇಪರ್‌ಬ್ಯಾಕ್ ಪುಸ್ತಕ]

ನಮಸ್ಕಾರ. ಇದು ‘ಸ್ಟಾರ್ ವಾರ್ಸ್’ ಕಾದಂಬರಿ. ಅಂಗಡಿಗೆ ಬಂದದ್ದು 1976ರ ನವೆಂಬರ್‌ನಲ್ಲಿ. ಸಿನಿಮಾ ಬಂದದ್ದು 1977ರ ಮೇನಲ್ಲಿ. ಅಂದ್ರೆ ಪುಸ್ತಕವೇ ಆರು ತಿಂಗಳು ಮೊದಲು! ಮುಖಪುಟದಲ್ಲಿ ಸಿನಿಮಾ ನಿರ್ದೇಶಕ ಜಾರ್ಜ್ ಲೂಕಾಸ್ ಹೆಸರಿದೆ. ಬರೆದವರು ಮಾತ್ರ ಆಲನ್ ಡೀನ್ ಫಾಸ್ಟರ್.

ಬೇಜಾರಾಗಲಿಲ್ವಾ ಅಂತ ಕೇಳಿದವರಿಗೆ ಫಾಸ್ಟರ್ ಹೇಳಿದ್ದು ಇಷ್ಟೇ: ದೊಡ್ಡ ಆರ್ಕಿಟೆಕ್ಟ್ ಪ್ಲಾನ್ ಹಾಕಿದ ಮನೆಗೆ ಕಟ್ಟಿಸಿದ ಕಂಟ್ರಾಕ್ಟರ್ ತನ್ನ ಹೆಸರು ಹಾಕಿ ಅಂತ ಕೇಳ್ತಾನಾ?

[ಪರದೆ ಮೇಲೆ: ಮಂಜು ಕವಿದ ಕಾಡಿನ ಚಿತ್ರ]

ಮುಂದಿನ ಪುಸ್ತಕ 1978ರದ್ದು, ‘ಸ್ಪ್ಲಿಂಟರ್ ಆಫ್ ದ ಮೈಂಡ್ಸ್ ಐ’. ಇದರ ಹಿಂದಿನ ಲೆಕ್ಕಾಚಾರ ನನಗೆ ತುಂಬಾ ಇಷ್ಟ. ಸಿನಿಮಾ ಸಾಧಾರಣವಾಗಿ ಓಡಿದರೆ ಕಡಿಮೆ ಖರ್ಚಲ್ಲಿ ಎರಡನೇ ಭಾಗ ತೆಗೆಯಲು ಆಗುವಂಥ ಕತೆ ಬೇಕಿತ್ತು. ಅದಕ್ಕೇ ಇಡೀ ಗ್ರಹಕ್ಕೆ ಮಂಜು ಮುಸುಕಿತು. ಮಂಜಿದ್ದರೆ ಸೆಟ್ ಖರ್ಚು ಉಳಿಯುತ್ತೆ, ಅಲ್ವಾ? ಸಿನಿಮಾದ ಮುಖ್ಯ ಪಾತ್ರಗಳಲ್ಲಿ ಒಬ್ಬನಾದ ಹ್ಯಾನ್ ಸೋಲೋ ಕತೆಯಲ್ಲೇ ಇಲ್ಲ. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಮುಂದಿನ ಭಾಗಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. ನಾಯಕ ಲ್ಯೂಕ್, ರಾಜಕುಮಾರಿ ಲೇಯಾ ಮಧ್ಯೆ ಸಣ್ಣಗೆ ಪ್ರೇಮದ ವಾಸನೆಯೂ ಇದೆ. ಅವರು ಅಣ್ಣ-ತಂಗಿ ಅಂತ ಆಗ ಪಾಪ ಯಾರಿಗೆ ಗೊತ್ತಿತ್ತು!

ಅನ್ಯಗ್ರಹ ಜೀವಿಯ ಭಯಾನಕ ಸಿನಿಮಾ ‘ಏಲಿಯನ್’ ಅನ್ನು ಕಾದಂಬರಿಯಾಗಿ ಬರೆಯುವಾಗ ಇನ್ನೊಂದು ಫಜೀತಿ. ಆ ಜೀವಿ ಹೇಗಿದೆ ಅಂತ ಸ್ಟುಡಿಯೋ ಇವರಿಗೆ ತೋರಿಸಲೇ ಇಲ್ಲ. ನೋಡದ ಭೂತವನ್ನು ವರ್ಣಿಸಬೇಕಾಯಿತು. ‘ಏಲಿಯನ್ 3’ರಲ್ಲಂತೂ ಜಗಳವೇ ಆಯಿತು. ಎರಡನೇ ಸಿನಿಮಾ ಪೂರ್ತಿ ಒದ್ದಾಡಿ ಉಳಿಸಿಕೊಂಡ ನ್ಯೂಟ್ ಎಂಬ ಹುಡುಗಿ ಇಲ್ಲಿ ಶುರುವಿನಲ್ಲೇ ಸತ್ತಿರುತ್ತಾಳೆ. ಫಾಸ್ಟರ್ ಅವಳನ್ನು ಬದುಕಿಸಿ ಬರೆದರು. ಸಿನಿಮಾದವರು ಒಪ್ಪಲಿಲ್ಲ. ತಿದ್ದಿ ಕೊಟ್ಟರು, ಆದರೆ ನಾಲ್ಕನೇ ಭಾಗದ ಕಾದಂಬರಿಯ ಕೆಲಸ ಒಪ್ಪಲಿಲ್ಲ.

ಸುಮ್ನೆ ಬಾಡಿಗೆ ಬರಹಗಾರ ಅಂದುಕೊಳ್ಳಬೇಡಿ. 1972ರಿಂದಲೇ ಸ್ವಂತ ಕಾದಂಬರಿಗಳು ಬರುತ್ತಿದ್ದವು. ಫ್ಲಿಂಕ್ಸ್ ಎಂಬ ಹುಡುಗ, ಅವನ ಜೊತೆ ಪಿಪ್ ಎಂಬ ಹಾರುವ ಹಾವು. ಆ ಸರಣಿಗೆ ಬೇರೆಯೇ ಓದುಗರಿದ್ದಾರೆ.

[ಪರದೆ ಮೇಲೆ: 2012, 2019]

ಈಗ ದುಡ್ಡಿನ ವಿಷಯ. 2012ರಲ್ಲಿ ಡಿಸ್ನಿ ಕಂಪನಿ ಸ್ಟಾರ್ ವಾರ್ಸ್ ತೆಗೆದ ಲೂಕಾಸ್‌ಫಿಲ್ಮ್ ಅನ್ನು ಕೊಂಡುಕೊಂಡಿತು. 2019ರಲ್ಲಿ ‘ಏಲಿಯನ್’ ಸಿನಿಮಾಗಳ ಫಾಕ್ಸ್ ಸ್ಟುಡಿಯೋ ಕೂಡ ಅದರ ಕೈಗೆ ಬಂತು. ಪುಸ್ತಕಗಳು ಮಾರಾಟವಾಗುತ್ತಲೇ ಇದ್ದವು, ಫಾಸ್ಟರ್ ಅವರಿಗೆ ರಾಯಲ್ಟಿ ಮಾತ್ರ ಬರಲಿಲ್ಲ. 2020ರ ನವೆಂಬರ್‌ನಲ್ಲಿ ಅಮೆರಿಕದ ವೈಜ್ಞಾನಿಕ ಕತೆಗಾರರ ಸಂಘ ಇದನ್ನು ಬಹಿರಂಗಪಡಿಸಿತು. ಸಂಘ ಹೇಳಿದ ಪ್ರಕಾರ ಡಿಸ್ನಿಯ ವಾದ ಹೀಗಿತ್ತು: ನಾವು ಕೊಂಡದ್ದು ಹಕ್ಕುಗಳನ್ನು, ಹಳೇ ಒಪ್ಪಂದದ ಹೊಣೆಯನ್ನಲ್ಲ. ತೋಟ ನಂದು, ತೋಟದ ಸಾಲ ನಂದಲ್ಲ ಅಂದ ಹಾಗೆ! ಆಗ ಫಾಸ್ಟರ್ ಅವರಿಗೆ 74 ವರ್ಷ. ಅವರಿಗೂ ಹುಷಾರಿರಲಿಲ್ಲ, ಹೆಂಡತಿಗೂ ಇರಲಿಲ್ಲ. ಗಲಾಟೆ ಜೋರಾದ ಮೇಲೆ, 2021ರಲ್ಲಿ, ಅವರ ವಿಷಯ ಇತ್ಯರ್ಥದ ದಾರಿ ಹಿಡಿಯಿತು.

ತಮಾಷೆ ಏನು ಗೊತ್ತಾ? ಡಿಸ್ನಿ ಕೈಗೆ ಬಂದ ಮೇಲಿನ ಮೊದಲ ಸ್ಟಾರ್ ವಾರ್ಸ್ ಸಿನಿಮಾ 2015ರಲ್ಲಿ ಬಂತಲ್ಲ, ಅದರ ಕಾದಂಬರಿ ಬರೆದವರೂ ಇದೇ ಫಾಸ್ಟರ್. ಈ ಸಲ ಮುಖಪುಟದಲ್ಲಿ ಅವರ ಹೆಸರೇ ಇತ್ತು.