ದುಡ್ಡೂ ಇಲ್ಲ, ಪಾಯಿಂಟೂ ಇಲ್ಲ: ಟೆನ್ನಿಸ್ ಆಟಗಾರರು ಏಷ್ಯನ್ ಗೇಮ್ಸ್‌ಗೆ ಯಾಕೆ ಹೋಗುತ್ತಾರೆ?

[ದೃಶ್ಯ: ಕಾರವಾರದ ಟಾಗೋರ್ ಕಡಲತೀರ, ಸಂಜೆ. ಹಸಿ ಮರಳಿನ ಮೇಲೆ ಹುಡುಗರ ಕ್ರಿಕೆಟ್.]

ನಮಸ್ಕಾರ. ಕಾರವಾರದಿಂದ ಭಟ್ಕಳದವರೆಗೆ ಯಾವ ಊರಿಗೆ ಹೋದರೂ ಟೆನ್ನಿಸ್ ಚೆಂಡು ಸಿಗುತ್ತದೆ. ಟೆನ್ನಿಸ್ ಕೋರ್ಟ್ ಹುಡುಕಬೇಕು. ಆ ಚೆಂಡು ನಮ್ಮಲ್ಲಿ ಕ್ರಿಕೆಟ್‌ಗೆ ಮೀಸಲು. ಹಾಗಾಗಿ ಏಷ್ಯನ್ ಗೇಮ್ಸ್ ಬಂದಾಗ ನಾವು ನೋಡುವುದು ಕಬಡ್ಡಿ, ಓಟ, ಹಾಕಿ. ಟೆನ್ನಿಸ್‌ನಲ್ಲಿ ಚಿನ್ನ ಬಂದರೆ ಒಂದು ಸಾಲಿನ ಸುದ್ದಿ ಓದಿ ಮುಂದೆ ಹೋಗುತ್ತೇವೆ.

ಆ ಒಂದು ಸಾಲಿನ ಹಿಂದೆ ಏನಿದೆ ಎಂದು ಇವತ್ತು ನೋಡೋಣ. ಯಾಕೆಂದರೆ ಈ ಪದಕಕ್ಕೆ ಟೆನ್ನಿಸ್ ಆಟಗಾರ ಕೊಡುವ ಬೆಲೆ ಬೇರೆ ಆಟಗಳವರಿಗಿಂತ ಬೇರೆಯೇ.

[ದೃಶ್ಯ: ತೆರೆಯ ಮೇಲೆ ಖಾಲಿ ಕ್ಯಾಲೆಂಡರ್. ಒಂದೊಂದೇ ವಾರ ತುಂಬುತ್ತಾ ಹೋಗುತ್ತದೆ.]

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳೋಣ. ಟೆನ್ನಿಸ್ ಆಟಗಾರನಿಗೆ ತಿಂಗಳ ಸಂಬಳ ಇಲ್ಲ. ಆಡಿದರೆ ದುಡ್ಡು, ಗೆದ್ದರೆ ಜಾಸ್ತಿ ದುಡ್ಡು. ಎಲ್ಲಿ ಆಡಬಹುದು ಎಂಬುದನ್ನು ರ‍್ಯಾಂಕಿಂಗ್ ತೀರ್ಮಾನ ಮಾಡುತ್ತದೆ. ರ‍್ಯಾಂಕಿಂಗ್ ಪಾಯಿಂಟ್‌ಗಳ ಆಯಸ್ಸು 52 ವಾರ. ಹೋದ ವರ್ಷ ಇದೇ ವಾರ ಗಳಿಸಿದ ಪಾಯಿಂಟ್ ಈ ವರ್ಷ ಇದೇ ವಾರ ಕೈಬಿಡುತ್ತದೆ. ಆ ಜಾಗದಲ್ಲಿ ಹೊಸದು ತರದಿದ್ದರೆ ಕೆಳಗೆ ಜಾರುವುದೇ. ವರ್ಷದ ನಾಲ್ಕು ದೊಡ್ಡ ಟೂರ್ನಿಗಳಿಗೆ ಗ್ರ್ಯಾಂಡ್ ಸ್ಲಾಮ್ ಎನ್ನುತ್ತಾರೆ, ಅದರಲ್ಲಿ ಒಂದನ್ನು ಗೆದ್ದವರಿಗೆ 2000 ಪಾಯಿಂಟ್ ಸಿಗುತ್ತದೆ. ಕೆಳಗಿನ ಹಂತದ ಚಾಲೆಂಜರ್ ಟೂರ್ನಿಯಲ್ಲೂ ಗೆದ್ದವರಿಗೆ 100, 125 ಹೀಗೆ ಏನಾದರೂ ಸಿಗುತ್ತದೆ.

ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರೆ? ಸೊನ್ನೆ. ಟೂರ್ನಿಯ ಬಹುಮಾನದ ಹಣವೂ ಇಲ್ಲ. ಗೆದ್ದು ಬಂದ ಮೇಲೆ ಸರ್ಕಾರಗಳು ಕೊಡುವ ನಗದು ಬೇರೆ ಮಾತು, ಅದು ಪದಕ ಬಂದರೆ ಮಾತ್ರ.

ಮೇಲಿಂದ ದಿನಾಂಕದ ಪೇಚು. 2018ರ ಏಷ್ಯನ್ ಗೇಮ್ಸ್ ಆಗಸ್ಟ್ 18ಕ್ಕೆ ಶುರುವಾಯಿತು. ಯುಎಸ್ ಓಪನ್ ಆಗಸ್ಟ್ 27ಕ್ಕೆ. ಅದರ ಅರ್ಹತಾ ಸುತ್ತು ಅದಕ್ಕೂ ಒಂದು ವಾರ ಮೊದಲು. ಆ ವರ್ಷ ಯುಎಸ್ ಓಪನ್‌ನ ಮುಖ್ಯ ಸುತ್ತಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತವರಿಗೂ 54,000 ಡಾಲರ್ ಸಿಗುತ್ತಿತ್ತು. 150ನೇ, 200ನೇ ರ‍್ಯಾಂಕ್‌ನ ಆಟಗಾರನಿಗೆ ಕೋಚ್, ವಿಮಾನ, ಹೋಟೆಲ್, ಫಿಸಿಯೋ ಎಲ್ಲ ಸೇರಿ ವರ್ಷದ ಖರ್ಚಿನ ದೊಡ್ಡ ಪಾಲು ಅದರಲ್ಲೇ ಹುಟ್ಟುತ್ತದೆ. ಅದನ್ನು ಬಿಟ್ಟು, ಆ ಸಲದ ಏಷ್ಯನ್ ಗೇಮ್ಸ್ ಟೆನ್ನಿಸ್ ನಡೆದ ಇಂಡೋನೇಷ್ಯಾದ ಪಾಲೆಂಬಾಂಗ್‌ಗೆ ಹೋಗಬೇಕು. ಯೋಚನೆ ಮಾಡಿ.

ನಮ್ಮೂರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳನ್ನು ನೆನಪಿಸಿಕೊಳ್ಳಿ. ಅಂಕೋಲೆಯ ಒಳ್ಳೆಯ ಹುಡುಗನೊಬ್ಬನನ್ನು ಸೀಸನ್ ಪೂರ್ತಿ ಬೇರೆ ಬೇರೆ ತಂಡದವರು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಾರೆ. ಅವನ ಸ್ವಂತ ಊರಿನ ಜಾತ್ರೆಯ ಪಂದ್ಯಕ್ಕೆ ಮಾತ್ರ ಒಂದು ರೂಪಾಯಿ ಇಲ್ಲ. ಅದೇ ರಾತ್ರಿ ಪಕ್ಕದ ತಾಲೂಕಿನಲ್ಲಿ ದೊಡ್ಡ ಬಹುಮಾನ. ಟೆನ್ನಿಸ್‌ನವರಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಸಂಕಟ ಇದೇ, ಮೊತ್ತ ಮಾತ್ರ ದೊಡ್ಡದು.

[ದೃಶ್ಯ: ಇಂಚಿಯಾನ್ 2014 ಎಂಬ ಬರಹ.]

ಹಾಗಾಗಿ ಹೋಗದವರನ್ನು ಬೈಯುವ ಮೊದಲು ಒಂದು ನಿಮಿಷ ನಿಲ್ಲಿ. 2014ರಲ್ಲಿ ಲಿಯಾಂಡರ್ ಪೇಸ್, ಸೋಮದೇವ್ ದೇವ್‌ವರ್ಮನ್, ರೋಹನ್ ಬೋಪಣ್ಣ ಮೂವರೂ ಏಷ್ಯನ್ ಗೇಮ್ಸ್‌ನಿಂದ ಹಿಂದೆ ಸರಿದರು. ದೇಶಭಕ್ತಿ ಇಲ್ಲ ಎಂದು ಆಗ ಎಷ್ಟು ಜನ ಮಾತಾಡಿದರು! ಅದೇ ಸೋಮದೇವ್ ನಾಲ್ಕು ವರ್ಷ ಹಿಂದೆ ಏನು ಮಾಡಿದ್ದ? 2010ರ ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ ಸಿಂಗಲ್ಸ್ ಚಿನ್ನ. ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಉಜ್ಬೇಕಿಸ್ತಾನದ ಡೆನಿಸ್ ಇಸ್ತೋಮಿನ್‌ನನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಸಿಂಗಲ್ಸ್ ಚಿನ್ನ. ಏಷ್ಯಾಡ್, ಅಂದರೆ ಏಷ್ಯನ್ ಗೇಮ್ಸ್, ಸಿಂಗಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಜೊತೆಗೆ ಸನಂ ಸಿಂಗ್ ಸೇರಿ ಡಬಲ್ಸ್ ಚಿನ್ನ. ಎರಡು ತಿಂಗಳೊಳಗೆ ದೇಶಕ್ಕೆ ಮೂರು ಚಿನ್ನ, ರ‍್ಯಾಂಕಿಂಗ್ ಪಟ್ಟಿಗೆ ಅದರಿಂದ ಏನೂ ಇಲ್ಲ. ಅಂಥವನಿಗೆ 2014ರಲ್ಲಿ ರ‍್ಯಾಂಕಿಂಗ್ ಉಳಿಸಿಕೊಳ್ಳಬೇಕಿತ್ತು. ನನ್ನ ಪ್ರಕಾರ ಅವನು ಯಾರಿಗೂ ವಿವರಣೆ ಕೊಡಬೇಕಾಗಿರಲಿಲ್ಲ.

ಸಾನಿಯಾ ಮಿರ್ಜಾ ಕೂಡ 2014ರಲ್ಲಿ ಮೊದಲು ಬರುವುದಿಲ್ಲ ಎಂದೇ ಹೇಳಿದ್ದರು. ಉಳಿಸಿಕೊಳ್ಳಬೇಕಾದ ಪಾಯಿಂಟ್ ಬಹಳ ಇತ್ತು. ಆಮೇಲೆ ಮನಸ್ಸು ಬದಲಿಸಿ ಬಂದರು. ಸಾಕೇತ್ ಮೈನೇನಿ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಸಾಕೇತ್‌ಗೆ ಆ ದಿನ ಎರಡು ಫೈನಲ್! ಸನಂ ಸಿಂಗ್ ಜೊತೆ ಪುರುಷರ ಡಬಲ್ಸ್ ಫೈನಲ್ ಸೋತರು, ಆಮೇಲೆ ಸಾನಿಯಾ ಜೊತೆ ಕೋರ್ಟಿಗೆ ಇಳಿದು ಗೆದ್ದರು.

ಆ ಸೋತ ಫೈನಲ್ ಬಗ್ಗೆ ಸ್ವಲ್ಪ ಹೊತ್ತು ಹೇಳಬೇಕು. ಎದುರಿಗೆ ಇದ್ದದ್ದು ಆತಿಥೇಯ ಕೊರಿಯಾದ ಜೋಡಿ, ಲಿಮ್ ಯಾಂಗ್ ಕ್ಯೂ ಮತ್ತು ಚುಂಗ್ ಹಿಯಾನ್. ಚುಂಗ್‌ಗೆ ಆಗ 18 ವರ್ಷ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತ ಗಂಡಸರೆಲ್ಲ ಒಂದೂವರೆ, ಎರಡು ವರ್ಷ ಸೇನೆಯಲ್ಲಿ ಇರಲೇಬೇಕು. ಒಲಿಂಪಿಕ್ಸ್ ಪದಕ ಅಥವಾ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಕ್ರೀಡಾಪಟುವಿಗೆ ಮಾತ್ರ ವಿನಾಯಿತಿ, ಕೆಲವು ವಾರಗಳ ಮೂಲ ತರಬೇತಿ ಮುಗಿಸಿ ತನ್ನ ಆಟದಲ್ಲೇ ಮುಂದುವರಿಯಬಹುದು. ಇಪ್ಪತ್ತರ ಆಸುಪಾಸಿನ ಟೆನ್ನಿಸ್ ಆಟಗಾರನಿಂದ ಎರಡು ವರ್ಷ ಕಿತ್ತುಕೊಂಡರೆ ರ‍್ಯಾಂಕಿಂಗ್ ಏನಾಗುತ್ತದೆ ಎಂದು ಈಗ ನಿಮಗೆ ಗೊತ್ತು. ಚುಂಗ್ ಆ ಚಿನ್ನ ಗೆದ್ದ. 2018ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ ನೊವಾಕ್ ಜೊಕೊವಿಚ್‌ನನ್ನು ಸೋಲಿಸಿ ಸೆಮಿಫೈನಲ್‌ವರೆಗೆ ಹೋದ.

ಇದರ ಇನ್ನೊಂದು ಮುಖವನ್ನು 2023ರ ಹಾಂಗ್‌ಝೌ ಏಷ್ಯಾಡ್‌ನಲ್ಲಿ ನೋಡಿದೆವು. ಕೊರಿಯಾದ ಕ್ವಾನ್ ಸೂನ್ ವೂ ಪುರುಷರ ವೃತ್ತಿಪರ ಟೂರ್ ಆದ ಎಟಿಪಿಯಲ್ಲಿ ಎರಡು ಪ್ರಶಸ್ತಿ ಗೆದ್ದಿದ್ದ ಆಟಗಾರ. ಥಾಯ್ಲೆಂಡಿನ ಕಸಿದಿತ್ ಸಮ್ರೇಜ್ ಆಗ 636ನೇ ರ‍್ಯಾಂಕ್. ಕ್ವಾನ್ ಸೋತ. ಸೋತ ಮೇಲೆ ರಾಕೆಟನ್ನು ನೆಲಕ್ಕೆ ಬಡಿದು ಬಡಿದು ಪುಡಿ ಮಾಡಿದ, ಎದುರಾಳಿಯ ಕೈ ಕುಲುಕಲಿಲ್ಲ. ಆ ವಿಡಿಯೋ ಎಲ್ಲ ಕಡೆ ಓಡಾಡಿತು. ಮರುದಿನ ಕ್ಷಮೆ ಕೇಳಿದ. ಅವನು ಮಾಡಿದ್ದು ತಪ್ಪೇ. ಆದರೆ ಆ ಸಿಟ್ಟಿನ ಹಿಂದೆ ಒಂದು ಪಂದ್ಯ ಸೋತ ನೋವು ಮಾತ್ರ ಇರಲಿಲ್ಲ, ಸೇನೆಯಲ್ಲಿ ಕಳೆಯಬೇಕಾದ ತಿಂಗಳುಗಳೂ ಇದ್ದವು. ಡಬಲ್ಸ್‌ನಲ್ಲಿ ಅವನಿಗೆ ಇನ್ನೊಂದು ಅವಕಾಶ ಉಳಿದಿತ್ತು. ಸೆಮಿಫೈನಲ್‌ನಲ್ಲಿ ಅದನ್ನು ಮುಚ್ಚಿದವರು ನಮ್ಮ ಸಾಕೇತ್ ಮೈನೇನಿ ಮತ್ತು ರಾಮ್‌ಕುಮಾರ್ ರಾಮನಾಥನ್. ಇಂಚಿಯಾನ್‌ನಲ್ಲಿ ಕೊರಿಯಾದವರ ಎದುರು ಫೈನಲ್ ಸೋತಿದ್ದ ಅದೇ ಸಾಕೇತ್.

[ದೃಶ್ಯ: ನಕಾಶೆ. ನ್ಯೂಯಾರ್ಕ್, ಲಖನೌ, ಹಾಂಗ್‌ಝೌ ನಡುವೆ ಗೆರೆ.]

ಈಗ ನಮ್ಮ ರಾಜ್ಯದವರ ಕಥೆ. ರೋಹನ್ ಬೋಪಣ್ಣ ಕೊಡಗಿನವರು, ಕಾಫಿ ತೋಟದ ಮನೆಯಿಂದ ಬಂದವರು. ಕೊಡಗು ಅಂದರೆ ನಮ್ಮ ಸಿರ್ಸಿ, ಸಿದ್ದಾಪುರದ ಹಾಗೆ ಮಳೆ, ಗುಡ್ಡ, ತೋಟ. ದೊಡ್ಡ ಟೆನ್ನಿಸ್ ಕೇಂದ್ರದ ಊರಲ್ಲ. 2018ರಲ್ಲಿ ಪಾಲೆಂಬಾಂಗ್‌ನಲ್ಲಿ ದಿವಿಜ್ ಶರಣ್ ಜೊತೆ ಕಜಾಕಿಸ್ತಾನದ ಜೋಡಿಯನ್ನು ಸೋಲಿಸಿ ಡಬಲ್ಸ್ ಚಿನ್ನ ತಂದರು.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2023ರ ಸೆಪ್ಟೆಂಬರ್ ತಿಂಗಳು. ವಯಸ್ಸು 43. ಸೆಪ್ಟೆಂಬರ್ 8ರಂದು ನ್ಯೂಯಾರ್ಕ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಯುಎಸ್ ಓಪನ್ ಡಬಲ್ಸ್ ಫೈನಲ್ ಆಡಿ ಸೋತರು. ಅಲ್ಲಿಂದ ಲಖನೌ. ಮೊರಾಕೊ ವಿರುದ್ಧ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನಲ್ಲಿ ತಮ್ಮ ಕೊನೆಯ ಪಂದ್ಯ ಆಡಿ ಗೆದ್ದರು. ಅಲ್ಲಿಂದ ಚೀನಾದ ಹಾಂಗ್‌ಝೌ. ಯೂಕಿ ಭಾಂಬ್ರಿ ಜೊತೆ ಪುರುಷರ ಡಬಲ್ಸ್‌ನಲ್ಲಿ ಚಿನ್ನ ಬಂದೇ ಬರುತ್ತದೆ ಎಂದು ಎಲ್ಲರ ಲೆಕ್ಕ. ಉಜ್ಬೇಕಿಸ್ತಾನದ ಜೋಡಿಯ ಎದುರು ಆರಂಭದಲ್ಲೇ ಸೋತುಬಿಟ್ಟರು.

ಉಳಿದದ್ದು ಮಿಶ್ರ ಡಬಲ್ಸ್ ಮಾತ್ರ. ಜೊತೆಗಾರ್ತಿ ಪುಣೆಯ ರುತುಜಾ ಭೋಸಲೆ. ಬೋಪಣ್ಣ ಗ್ರ್ಯಾಂಡ್ ಸ್ಲಾಮ್ ಫೈನಲ್‌ಗಳ ಆಟಗಾರ, ರುತುಜಾ ವರ್ಷವೆಲ್ಲ ಸಣ್ಣ ಟೂರ್ನಿಗಳಲ್ಲಿ ಬೆವರು ಹರಿಸುವ ಆಟಗಾರ್ತಿ. ಟೂರ್‌ನಲ್ಲಿ ಇವರಿಬ್ಬರೂ ಒಂದೇ ಕೋರ್ಟಿನಲ್ಲಿ ನಿಲ್ಲುವ ಸಂದರ್ಭವೇ ಬರುವುದಿಲ್ಲ. ಸೆಪ್ಟೆಂಬರ್ 30ರಂದು ಫೈನಲ್. ಎದುರಿಗೆ ಚೈನೀಸ್ ತೈಪೆ, ಅಂದರೆ ತೈವಾನ್ ಜೋಡಿ. ಮೊದಲ ಸೆಟ್ 2-6, ಸೋಲು. ಎರಡನೆಯದು 6-3. ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕ್. ಅದು 10-4. ಚಿನ್ನ.

ಇದು ತಮ್ಮ ಕೊನೆಯ ಏಷ್ಯನ್ ಗೇಮ್ಸ್ ಎಂದು ಬೋಪಣ್ಣ ಹೇಳಿದ್ದರು. ನಾಲ್ಕು ತಿಂಗಳೊಳಗೆ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ರ‍್ಯಾಂಕ್‌ಗೆ ಏರಿದರು. ಆ ಸುದ್ದಿಗೆ ನಾವೆಲ್ಲ ಕುಣಿದೆವು, ಕುಣಿಯಲೇಬೇಕು. ಆದರೆ ರುತುಜಾ ಕೊರಳಿಗೆ ಚಿನ್ನ ಬಿದ್ದ ಆ ಸೆಪ್ಟೆಂಬರ್ ದಿನವನ್ನು ನೆನಪಿಟ್ಟವರು ಕಡಿಮೆ. ಏಷ್ಯಾಡ್‌ನ ನಿಜವಾದ ಉಪಕಾರ ಇಂಥ ಆಟಗಾರರಿಗೇ ಆಗುತ್ತದೆ. ಗ್ರ್ಯಾಂಡ್ ಸ್ಲಾಮ್ ಎರಡನೇ ವಾರ ಕಾಣುವುದು ಕಷ್ಟ ಇರುವವರಿಗೆ ದೇಶ ಪೂರ್ತಿ ನೋಡುವ ಪಂದ್ಯ ಸಿಗುವುದು ಇಲ್ಲಿ ಮಾತ್ರ. 2018ರಲ್ಲಿ ಸಿಂಗಲ್ಸ್ ಕಂಚು ತಂದ ಅಂಕಿತಾ ರೈನಾ, ಪ್ರಜ್ಞೇಶ್ ಗುಣೇಶ್ವರನ್ ಕೂಡ ಹೀಗೆಯೇ. ಪ್ರಜ್ಞೇಶ್ ಜೊತೆ ಆ ಸಲ ಕಂಚು ಪಡೆದ ಇನ್ನೊಬ್ಬ ಕೊರಿಯಾದ ಲೀ ಡಕ್ ಹೀ. ಅವನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮರುವರ್ಷ ಎಟಿಪಿ ಮುಖ್ಯ ಸುತ್ತಿನಲ್ಲಿ ಪಂದ್ಯ ಗೆದ್ದ ಮೊದಲ ಕಿವುಡ ಆಟಗಾರನಾದ.

ಕಂಚು ಇಬ್ಬರಿಗೆ ಹೇಗೆ ಅಂತ ಕೇಳುತ್ತೀರಾ? ಏಷ್ಯಾಡ್ ಟೆನ್ನಿಸ್‌ನಲ್ಲಿ ಮೂರನೇ ಸ್ಥಾನದ ಪಂದ್ಯ ಇಲ್ಲ. ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು. ಒಲಿಂಪಿಕ್ಸ್‌ನಲ್ಲಿ ಹಾಗಲ್ಲ, ಅಲ್ಲಿ ಇನ್ನೊಂದು ಪಂದ್ಯ ಗೆಲ್ಲಬೇಕು.

[ದೃಶ್ಯ: ಪ್ಯಾರಿಸ್ 2024, ರೊಲಾಂ ಗ್ಯಾರೊಸ್‌ನ ಕೆಂಪು ಕೋರ್ಟ್.]

ಒಲಿಂಪಿಕ್ಸ್ ಮಾತು ಬಂತು. ಸಿಂಗಲ್ಸ್‌ನವರು ಏಷ್ಯಾಡ್‌ಗೆ ಬರಲು ಗಟ್ಟಿಯಾದ ಕಾರಣ ಇದೇ. ಹಾಂಗ್‌ಝೌ ಸಿಂಗಲ್ಸ್ ಚಿನ್ನಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾಗ ಇತ್ತು. ರ‍್ಯಾಂಕಿಂಗ್ ಒಂದು ಮಿತಿಯೊಳಗೆ ಇರಬೇಕು ಎಂಬ ಷರತ್ತು ಇದ್ದೇ ಇರುತ್ತದೆ. ಚೀನಾದ ಝೆಂಗ್ ಚಿನ್ವೆನ್ ಹಾಂಗ್‌ಝೌನಲ್ಲಿ ಚಿನ್ನ ಗೆದ್ದಳು. ಮುಂದಿನ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲೂ ಚಿನ್ನ ಗೆದ್ದಳು. ಒಲಿಂಪಿಕ್ಸ್ ಟೆನ್ನಿಸ್ ಸಿಂಗಲ್ಸ್ ಚಿನ್ನ ಏಷ್ಯಾಕ್ಕೆ ಬಂದದ್ದು ಅದೇ ಮೊದಲು.

ಅಮೆರಿಕ ಖಂಡಗಳ ಪ್ಯಾನ್ ಅಮೆರಿಕನ್ ಗೇಮ್ಸ್‌ನಲ್ಲೂ ಹೀಗೆಯೇ. ಅರ್ಜೆಂಟೀನಾದ ನಾಡಿಯಾ ಪೊಡೊರೊಸ್ಕಾ 2019ರಲ್ಲಿ ಲಿಮಾದಲ್ಲಿ ಚಿನ್ನ ಗೆದ್ದು ಟೋಕಿಯೊ ಒಲಿಂಪಿಕ್ಸ್ ದಾರಿ ಹಿಡಿದಳು. ಮರುವರ್ಷ ಫ್ರೆಂಚ್ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ಸೆಮಿಫೈನಲ್ ತಲುಪಿದಳು. ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಟೆನ್ನಿಸ್ ಇದ್ದದ್ದು 2010ರ ದೆಹಲಿಯಲ್ಲಿ ಮಾತ್ರ.

ಭಾರತದಲ್ಲಿ ಏಷ್ಯಾಡ್ ಚಿನ್ನದಿಂದ ಒಲಿಂಪಿಕ್ಸ್ ಪದಕದವರೆಗೆ ಮೊದಲು ಹೋದವರು ಪೇಸ್. 1994ರ ಹಿರೋಷಿಮಾದಲ್ಲಿ ಗೌರವ್ ನಾಟೇಕರ್ ಜೊತೆ ಡಬಲ್ಸ್ ಚಿನ್ನ, ತಂಡ ವಿಭಾಗದಲ್ಲೂ ಚಿನ್ನ. ಎರಡು ವರ್ಷಕ್ಕೆ ಅಟ್ಲಾಂಟಾ ಒಲಿಂಪಿಕ್ಸ್‌ನ ಸಿಂಗಲ್ಸ್ ಕಂಚು. ಟೆನ್ನಿಸ್‌ನಲ್ಲಿ ನಮಗೆ ಇವತ್ತಿಗೂ ಇರುವುದು ಅದೊಂದೇ ಒಲಿಂಪಿಕ್ ಪದಕ. 2002ರ ಏಷ್ಯಾಡ್‌ನಲ್ಲಿ ಮಹೇಶ್ ಭೂಪತಿ ಜೊತೆ ಚಿನ್ನ. 2006ರಲ್ಲಿ ಮತ್ತೆ ಭೂಪತಿ ಜೊತೆ ಒಂದು, ಸಾನಿಯಾ ಜೊತೆ ಇನ್ನೊಂದು. ಪೇಸ್ ಮತ್ತು ಭೂಪತಿ ಹೊರಗೆ ಮಾತು ಬಿಟ್ಟ ದಿನಗಳಲ್ಲೂ ದೇಶದ ಅಂಗಿ ಹಾಕಿ ಒಂದೇ ಕಡೆ ನಿಂತು ಆಡಿದರು. ಆ ಪದಕಗಳ ತೂಕ ನನಗೆ ಅದರಲ್ಲಿ ಕಾಣುತ್ತದೆ.

[ದೃಶ್ಯ: ಕಾರವಾರ, ಕಾಳಿ ಸೇತುವೆ. ಆಮೇಲೆ ಮಳೆಯಲ್ಲಿ ಸಿರ್ಸಿ ಘಟ್ಟದ ರಸ್ತೆ.]

ನಮ್ಮ ಜಿಲ್ಲೆಗೆ ಬರೋಣ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಹಳಿಯಾಳ, ಯಲ್ಲಾಪುರ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಅಥ್ಲೆಟಿಕ್ಸ್ ತರಬೇತಿಗೆ ಆರಿಸಿಕೊಂಡಿದ್ದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಓಟಕ್ಕೆ ಬಯಲು ಸಾಕು, ಆದರೂ ಹೀಗಾಯಿತು. ಟೆನ್ನಿಸ್‌ಗಂತೂ ಕೋರ್ಟ್ ಬೇಕು, ಕೋಚ್ ಬೇಕು, ರಾಕೆಟ್ಟಿನ ತಂತಿ ಹರಿದಾಗ ಹಾಕಿಸಲು ದುಡ್ಡು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಗೆ ಮಣ್ಣಿನ ಕೋರ್ಟ್ ತಡೆಯುವುದಿಲ್ಲ. ಮಾಡು ಇಲ್ಲದ ಕೋರ್ಟಿನಲ್ಲಿ ಮಗುವಿಗೆ ವರ್ಷದ ಮೂರನೇ ಒಂದು ಭಾಗ ಅಭ್ಯಾಸವೇ ತಪ್ಪುತ್ತದೆ.

ಆದರೂ ಹತ್ತಿರದಲ್ಲಿ ಒಂದು ಒಳ್ಳೆಯ ಸಂಗತಿ ಇದೆ. 2023ರ ಅಕ್ಟೋಬರ್‌ನಲ್ಲಿ, ಹಾಂಗ್‌ಝೌ ಗೇಮ್ಸ್ ಮುಗಿದ ಅದೇ ತಿಂಗಳು, ಧಾರವಾಡದಲ್ಲಿ ಅಂತರರಾಷ್ಟ್ರೀಯ ಟೆನ್ನಿಸ್ ಫೆಡರೇಶನ್‌ನ (ಐಟಿಎಫ್) ಪುರುಷರ ಟೂರ್ನಿ ನಡೆಯಿತು. ಹಾಂಗ್‌ಝೌನಲ್ಲಿ ಬೆಳ್ಳಿ ಗೆದ್ದಿದ್ದ ರಾಮ್‌ಕುಮಾರ್ ಅಲ್ಲಿ ಆಡಲು ಬಂದಿದ್ದರು. ಸಿರ್ಸಿಯಿಂದ ಧಾರವಾಡ ಎಂದರೆ ಸುಮಾರು ಮೂರು ತಾಸಿನ ದಾರಿ. ಏಷ್ಯಾಡ್ ಪದಕ ಗೆದ್ದವರು ರ‍್ಯಾಂಕಿಂಗ್ ಪಾಯಿಂಟ್‌ಗಾಗಿ ಹೇಗೆ ಬೆವರು ಸುರಿಸುತ್ತಾರೆ ಎಂದು ಮಕ್ಕಳಿಗೆ ತೋರಿಸಬೇಕೆಂದರೆ ಇಂಥ ಟೂರ್ನಿಗೆ ಕರೆದುಕೊಂಡು ಹೋಗಿ. ಕೋರ್ಟಿನ ಪಕ್ಕದಲ್ಲೇ ಕೂತು ನೋಡಬಹುದು.

ಮುಂದಿನ ಏಷ್ಯನ್ ಗೇಮ್ಸ್ ಜಪಾನಿನ ಐಚಿ-ನಗೋಯಾದಲ್ಲಿ, 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ. ಯುಎಸ್ ಓಪನ್ ಆ ಹೊತ್ತಿಗೆ ಮುಗಿದಿರುತ್ತದೆ, ಹಾಗಾಗಿ 2018ರಷ್ಟು ದೊಡ್ಡ ಪೇಚು ಇಲ್ಲ. ಆದರೆ ಚೀನಾ, ಜಪಾನ್‌ನ ಎಟಿಪಿ ಮತ್ತು ಮಹಿಳೆಯರ ಡಬ್ಲ್ಯೂಟಿಎ ಟೂರ್ನಿಗಳು ಸಾಮಾನ್ಯವಾಗಿ ಇದೇ ವಾರಗಳಲ್ಲಿ ಇರುತ್ತವೆ. ತಂಡ ಪ್ರಕಟವಾದಾಗ ಯಾರು ಬಂದಿದ್ದಾರೆ ಎಂದು ನೋಡಿ. ಅವರ ಆ ವಾರದ ರ‍್ಯಾಂಕಿಂಗ್ ಬರೆದಿಟ್ಟುಕೊಳ್ಳಿ. ಗೇಮ್ಸ್ ಮುಗಿದ ಮೇಲಿನ ಸೋಮವಾರ ಹೊಸ ಪಟ್ಟಿ ಬರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮಗೆ ಕಂಡದ್ದನ್ನು ಕೆಳಗೆ ಬರೆಯಿರಿ, ಆ ಬಗ್ಗೆ ಇನ್ನೊಂದು ವಿಡಿಯೋ ಮಾಡುತ್ತೇನೆ.