ಐದು ದ್ವೀಪ ಬೇಡ, ಒಂದು ಸಾಕು

ನಮಸ್ಕಾರ ಸ್ನೇಹಿತರೇ. ಬಂಗಾರಪೇಟೆಯಿಂದ ಮಾತಾಡುತ್ತಿದ್ದೇನೆ.

ಹೋದ ವಾರ ನನ್ನ ಗೆಳೆಯ ವಾಟ್ಸಾಪ್‌ನಲ್ಲಿ ಒಂದು ಪ್ಲಾನ್ ಕಳಿಸಿದ. ಹನ್ನೆರಡು ದಿನ, ಐದು ದ್ವೀಪ. ಅಟ್ಲಾಂಟಿಕ್ ಸಾಗರದ ನಡುವೆ ಅಜೋರ್ಸ್ ಅಂತ ಇದೆ. ಪೋರ್ಚುಗಲ್‌ಗೆ ಸೇರಿದ ಒಂಬತ್ತು ದ್ವೀಪಗಳು, ಒಂಬತ್ತೂ ಜ್ವಾಲಾಮುಖಿಯಿಂದ ಹುಟ್ಟಿದವು. ಅಲ್ಲಿಗೆ ಹೋಗಿ ಫೋಟೋ ತೆಗೀಬೇಕು ಅಂತ ನಾವಿಬ್ಬರೂ ಮೂರು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇವೆ. ಮದುವೆ ಫೋಟೋ ತೆಗೆದು ಬರುವ ದುಡ್ಡು. ಆ ಪ್ಲಾನ್‌ನಲ್ಲಿ ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ಎಲ್ಲಾದರೂ ಒಂದು ವಿಮಾನ. ಓದಿದ ಕೂಡಲೇ ಫೋನ್ ಮಾಡಿ, ಇದರಲ್ಲಿ ನಾಲ್ಕು ದ್ವೀಪ ತೆಗೆದುಬಿಡು ಅಂದೆ. ಅವನಿಗೆ ಬೇಜಾರಾಯಿತು. "ಅಣ್ಣ, ಅಷ್ಟು ದೂರ ಹೋಗಿ ಒಂದೇ ನೋಡಿಕೊಂಡು ಬರೋದಾ?" ಅಂದ.

ಸಂಜೆ ಪಾನಿಪೂರಿ ಗಾಡಿ ಹತ್ತಿರ ಸಿಕ್ಕಾಗಲೂ ಅದೇ ಮಾತು. ಅವನಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ. ಜ್ವಾಲಾಮುಖಿ ದ್ವೀಪಕ್ಕೆ ಫೋಟೋಗೆ ಅಂತ ಹೋಗುವವರು ಒಂದೇ ದ್ವೀಪ ಹಿಡಿಯಬೇಕು, ಅಲ್ಲೇ ಉಳಿಯಬೇಕು. ಈ ಬುದ್ಧಿ ನನಗೆ ಬಂದಿದ್ದು ಪೆಟ್ಟು ತಿಂದ ಮೇಲೆ.

2018ರಲ್ಲಿ ನಾನು ಇಂಡೋನೇಷ್ಯಾಗೆ ಹೋಗಿದ್ದೆ. ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಕೈ ಖಾಲಿ. ಹಾಗಾಗಿ ಜನವರಿ ಶುರುವಿನಲ್ಲಿ ಟಿಕೆಟ್ ಮಾಡಿಸಿದೆ. ನಮ್ಮಲ್ಲಿ ಆಗ ಚಳಿಗಾಲ, ಆಕಾಶ ತಿಳಿಯಾಗಿರುತ್ತದೆ. ನಾನು ಹೋಗಿದ್ದ ಜಾವಾ ದ್ವೀಪದಲ್ಲಿ ಅದು ಮಳೆಗಾಲದ ನಡುಮಧ್ಯ. ಅಲ್ಲಿ ಒಣ ಹವೆ ಇರುವುದು ಸುಮಾರು ಮೇಯಿಂದ ಸೆಪ್ಟೆಂಬರ್‌ವರೆಗೆ. ನನ್ನ ಬಿಡುವು ಯಾವಾಗ ಅಂತ ನೋಡಿದೆ, ಆ ಊರಿನ ಬಿಡುವು ಯಾವಾಗ ಅಂತ ನೋಡಲಿಲ್ಲ.

ಅಲ್ಲಿ ಬ್ರೋಮೋ ಅನ್ನುವ ಜ್ವಾಲಾಮುಖಿ ಬೆಟ್ಟದ ಎದುರು ಪೆನಾಂಜಕನ್ ಅಂತ ಒಂದು ಎತ್ತರದ ಜಾಗ ಇದೆ. ಸೂರ್ಯ ಹುಟ್ಟುವುದನ್ನು ನೋಡಲು ಎಲ್ಲರೂ ಹೋಗುವುದು ಅಲ್ಲಿಗೇ. ರಾತ್ರಿ ಮೂರು ಗಂಟೆಗೆ ಜೀಪ್ ಹತ್ತಿದೆ. ಮೇಲೆ ಹೋಗಿ ನೋಡಿದರೆ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಬಂದ ಹಾಗಿತ್ತು. ಅಷ್ಟೇ ಜನ, ಅಷ್ಟೇ ಮೊಬೈಲ್ ಬೆಳಕು. ಕಂಬಿ ಪಕ್ಕ ಟ್ರೈಪಾಡ್ ಇಟ್ಟುಕೊಂಡು ಎರಡೂವರೆ ಗಂಟೆ ನಿಂತೆ. ಬೆಳಕಾಯಿತು. ಎದುರಿಗೆ ಬರೀ ಬಿಳಿ. ಬೆಟ್ಟ ಇರಲಿ, ಕಂಬಿಯ ಆಚೆಗಿನ ಗಿಡವೂ ಕಾಣಲಿಲ್ಲ.

ಜೀಪ್ ಓಡಿಸುವವರು ಒಳ್ಳೆಯ ಮನುಷ್ಯ. "ಇವತ್ತು ಇಲ್ಲೇ ಉಳಿಯಿರಿ, ನಾಳೆ ಮಂಜು ಬಿಡಬಹುದು" ಅಂದರು. ನಾನು ಉಳಿಯುವ ಹಾಗಿರಲಿಲ್ಲ. ಮಧ್ಯಾಹ್ನವೇ ಇಜೆನ್ ಅನ್ನುವ ಇನ್ನೊಂದು ಜ್ವಾಲಾಮುಖಿಗೆ ಗಾಡಿ ಗೊತ್ತು ಮಾಡಿಯಾಗಿತ್ತು, ಅದರ ಮಾರನೇ ದಿನ ಬಾಲಿಗೆ ದಾಟಬೇಕಿತ್ತು. ಎಲ್ಲದಕ್ಕೂ ಮುಂಗಡ ಕೊಟ್ಟಾಗಿತ್ತು. ಹೊರಟುಬಿಟ್ಟೆ. ಮಾರನೇ ದಿನ ಬೆಳಗ್ಗೆ ಆರೂವರೆಗೆ ಅವರಿಂದಲೇ ಒಂದು ಫೋಟೋ ಬಂತು. ಅದೇ ಕಂಬಿ, ಅದೇ ಜಾಗ. ಕೆಳಗೆ ಮರಳಿನ ಬಯಲಿನ ಮೇಲೆ ತೆಳ್ಳಗೆ ಮಂಜು, ನಡುವೆ ಹೊಗೆಯಾಡುವ ಬ್ರೋಮೋ, ಹಿಂದೆ ಜಾವಾದಲ್ಲೇ ಎತ್ತರವಾದ ಸೆಮೆರು, 3,676 ಮೀಟರ್, ತುದಿಯಲ್ಲಿ ಪುಟ್ಟದೊಂದು ಬೂದಿಯ ಮೋಡ. ಆ ಫೋಟೋ ಇನ್ನೂ ನನ್ನ ಫೋನ್‌ನಲ್ಲಿದೆ. ಇಜೆನ್‌ನಲ್ಲೂ ಮಳೆ, ಬಾಲಿಯ ಬಾತೂರ್ ಬೆಟ್ಟದಲ್ಲೂ ಮಂಜು. ಹತ್ತು ದಿನ ಸುತ್ತಿ ವಾಪಸ್ ಬಂದು ಕಂಪ್ಯೂಟರ್ ಮುಂದೆ ಕೂತಾಗ, ಗೋಡೆಗೆ ಹಾಕುವಂಥ ಒಂದು ಚಿತ್ರವೂ ಇರಲಿಲ್ಲ.

ಹೀಗೆ ಯಾಕಾಗುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಸುತ್ತ ಎತ್ತ ನೋಡಿದರೂ ಸಮುದ್ರ, ನಡುವೆ ದಿಢೀರನೆ ಎದ್ದು ನಿಂತ ಒಂದು ಬೆಟ್ಟ. ನೀರು ತುಂಬಿಕೊಂಡು ಬಂದ ಗಾಳಿ ಅದಕ್ಕೆ ಬಡಿದು ಮೇಲೇರುತ್ತದೆ, ಮೇಲೆ ಹೋಗಿ ತಣ್ಣಗಾಗುತ್ತದೆ, ಮೋಡವಾಗುತ್ತದೆ. ಅಂದರೆ ಮೋಡವನ್ನು ಆ ಬೆಟ್ಟವೇ ಮಾಡಿಕೊಳ್ಳುತ್ತದೆ. ಗಾಳಿ ಬಡಿಯುವ ಕಡೆ ಹಸಿರು, ಮಳೆ, ಮಂಜು. ಬೆಟ್ಟದ ಮರೆಯ ಕಡೆ ಬಿಸಿಲು. ಸ್ಪೇನ್‌ಗೆ ಸೇರಿದ ಟೆನೆರಿಫೆ ದ್ವೀಪದಲ್ಲಿ ಟೈಡೆ ಅಂತ 3,715 ಮೀಟರ್ ಎತ್ತರದ ಜ್ವಾಲಾಮುಖಿ ಇದೆ. ಕೆಳಗಿನ ಊರಲ್ಲಿ ಮೋಡ ಕವಿದಿರುವಾಗ ಮೇಲೆ ಹೋದರೆ, ಮೋಡ ಕಾಲ ಕೆಳಗೆ ಹಾಲಿನ ಕೆರೆ ಥರ ಹರಡಿರುತ್ತದೆ. ಚಳಿಗಾಲದಲ್ಲಿ ಸ್ಕಂದಗಿರಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಗೊತ್ತಾದ ಮೇಲೆ ಪ್ಲಾನ್ ಮಾಡುವ ರೀತಿಯೇ ಬದಲಾಗುತ್ತದೆ. ಮಂಗಳವಾರ ಸಂಜೆ ಈ ಸರೋವರ ಅಂತ ಬರೆದಿಟ್ಟುಕೊಂಡರೆ, ಮಂಗಳವಾರ ಸಂಜೆ ಅದು ಮೋಡದೊಳಗೆ ಕೂತಿರುತ್ತದೆ. ಆದರೆ ದ್ವೀಪದ ನಡುವೆ ಒಂದು ಮನೆ ಹಿಡಿದು, ಬಾಡಿಗೆಗೆ ಒಂದು ಕಾರು ತಗೊಂಡು, ಬೆಳಗ್ಗೆ ಎದ್ದು ಯಾವ ಕಡೆ ತಿಳಿಯಾಗಿದೆ ಅಂತ ನೋಡಿ ಹೊರಟರೆ, ಅದೇ ಮೋಡ ನಿಮ್ಮ ಕೆಲಸಕ್ಕೆ ಬರುತ್ತದೆ. ಅಜೋರ್ಸ್‌ನಲ್ಲಿ ಮುಖ್ಯ ಜಾಗಗಳಿಗೆ ಕ್ಯಾಮೆರಾ ಹಾಕಿದ್ದಾರೆ. ಆ ಸರೋವರದ ಮೇಲೆ ಈಗ ಮಂಜು ಇದೆಯೋ ಇಲ್ಲವೋ ಅಂತ ಫೋನ್‌ನಲ್ಲೇ ನೋಡಬಹುದು. ಒಂದೇ ದಿನದಲ್ಲಿ ನಾಲ್ಕು ಕಾಲ ಬಂದುಹೋಗುತ್ತದೆ ಅಂತ ಅಲ್ಲಿಯ ಜನರೇ ಹೇಳುತ್ತಾರೆ. ಹವೆ ಕೆಟ್ಟರೆ ದ್ವೀಪದಿಂದ ದ್ವೀಪಕ್ಕೆ ಹಾರುವ ಸಣ್ಣ ವಿಮಾನಗಳೂ ನಿಲ್ಲುತ್ತವೆ. ಐದು ದ್ವೀಪದ ಸರಪಳಿಯಲ್ಲಿ ಒಂದು ಕೊಂಡಿ ಕಳಚಿತು ಅಂದರೆ ಮುಗಿಯಿತು ಅಲ್ವಾ?

ನಾನು ಆರಿಸಿಕೊಂಡಿರುವುದು ಸಾವೋ ಮಿಗೆಲ್. ಒಂಬತ್ತರಲ್ಲಿ ದೊಡ್ಡದು ಅದೇ. ಉದ್ದ ಸುಮಾರು 65 ಕಿಲೋಮೀಟರ್, ಹೆಚ್ಚು ಕಡಿಮೆ ಕೋಲಾರದಿಂದ ಬೆಂಗಳೂರಿಗೆ ಇರುವಷ್ಟು. ಒಂದು ತುದಿಯಲ್ಲಿ ಮಳೆ ಬಂದರೆ ಇನ್ನೊಂದು ತುದಿಗೆ ಒಂದೂವರೆ ಗಂಟೆಯಲ್ಲಿ ಹೋಗಬಹುದು. ಪಶ್ಚಿಮಕ್ಕೆ ಸೆತೆ ಸಿದಾದೆಸ್, ಸುಮಾರು ಐದು ಕಿಲೋಮೀಟರ್ ಅಗಲದ ಜ್ವಾಲಾಮುಖಿ ಬಾಯಿ. ಅದರೊಳಗೆ ಒಂದು ಹಸಿರು ಕೆರೆ, ಒಂದು ನೀಲಿ ಕೆರೆ, ನಡುವೆ ಸೇತುವೆ. ಅಂಚಿನಲ್ಲಿ ನಿಂತರೆ ಎರಡೂ ಕಾಣುತ್ತವೆ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ಇಳಿದರೆ ಮೊಸ್ತೇರೋಸ್, ಕಪ್ಪು ಮರಳಿನ ದಡ, ಸಮುದ್ರದಲ್ಲಿ ಒಂಟಿಯಾಗಿ ನಿಂತ ಬಂಡೆಗಳು. ದ್ವೀಪದ ನಡುವೆ ಲಾಗೋವಾ ದೋ ಫೋಗೋ, ಅಂದರೆ ಬೆಂಕಿ ಕೆರೆ. ಪೂರ್ವಕ್ಕೆ ಫುರ್ನಾಸ್. ಅಲ್ಲಿ ನೆಲವೇ ಒಲೆ. ಮಾಂಸ, ಎಲೆಕೋಸು, ಆಲೂಗಡ್ಡೆ ತುಂಬಿದ ಪಾತ್ರೆಯನ್ನು ಬಿಸಿ ಮಣ್ಣಿನ ಗುಂಡಿಗೆ ಇಳಿಸಿ ಮುಚ್ಚಿ, ಸುಮಾರು ಆರು ಗಂಟೆ ಬಿಟ್ಟು ತೆಗೆಯುತ್ತಾರೆ. ಆ ಪಾತ್ರೆ ಮೇಲೆತ್ತುವಾಗ ಏಳುವ ಹಬೆಯನ್ನು ಒಂದು ಬೆಳಗ್ಗೆ ತೆಗೆಯಲೇಬೇಕು ಅಂತ ನನಗೆ ತುಂಬಾ ಆಸೆ.

ಗೆಳೆಯ ಕೊನೆಯವರೆಗೂ ಬಿಡದೆ ಹಿಡಿದಿದ್ದು ಕಾಪೆಲಿನ್ಯೋಸ್ ಅನ್ನು. ಅದು ಫಾಯಲ್ ಅನ್ನುವ ಬೇರೆ ದ್ವೀಪದಲ್ಲಿದೆ. 1957ರ ಸೆಪ್ಟೆಂಬರ್‌ನಲ್ಲಿ ದಡದ ಪಕ್ಕ ಸಮುದ್ರದೊಳಗೆ ಜ್ವಾಲಾಮುಖಿ ಸಿಡಿಯಿತು, 1958ರ ಅಕ್ಟೋಬರ್‌ವರೆಗೂ ನಡೆಯಿತು. ಹೊಸ ನೆಲ ಎದ್ದು ದ್ವೀಪಕ್ಕೆ ಅಂಟಿಕೊಂಡಿತು. ಮೊದಲು ಸಮುದ್ರದ ಅಂಚಿನಲ್ಲಿದ್ದ ದೀಪಸ್ತಂಭ ಈಗ ಅರ್ಧ ಬೂದಿಯಲ್ಲಿ ಹೂತು ನಿಂತಿದೆ. ಅವನ ಆಸೆ ತಪ್ಪಲ್ಲ. ಅದನ್ನು ಬಿಡುವಾಗ ನನಗೂ ಹೊಟ್ಟೆ ಉರಿಯುತ್ತದೆ. ಆದರೂ ಈ ಸಲ ಬೇಡ.

ನಾವು ಹೋಗುವ ತಿಂಗಳು ಆಷಾಢ. ನಮಗೆ ಆಗಲೂ ಮದುವೆ ಕೆಲಸ ಇಲ್ಲ. ಈ ಸಲ ಅಲ್ಲಿಯ ಲೆಕ್ಕವನ್ನೂ ನೋಡಿದ್ದೇನೆ. ಅಲ್ಲಿಗೆ ಅದು ಬೇಸಿಗೆ, ಮಳೆ ಕಡಿಮೆ, ರಸ್ತೆ ಬದಿಯಲ್ಲೆಲ್ಲ ಹೈಡ್ರೇಂಜಿಯಾ ಹೂವು ಬೇಲಿ ಕಟ್ಟಿದ ಹಾಗೆ ನೀಲಿಯಾಗಿ ಅರಳಿರುತ್ತದೆ. ಜನ ಜಾಸ್ತಿ ಇರುತ್ತಾರೆ, ಅದು ನಿಜ. ಆದರೆ ಜನ ಬರುವುದು ಹಗಲಿನಲ್ಲಿ. ಅಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ನಮಗೆ ಬೇಕಾದ ಬೆಳಕು ಬರುವುದು ಅವರು ಹೋದ ಮೇಲೆ.

ಬೆಳಕಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ನಮ್ಮಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಏಳುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಅಂತರಗಂಗೆ ಬೆಟ್ಟದ ಮೇಲೆ ಕ್ಯಾಮೆರಾ ಸರಿ ಮಾಡಿಕೊಳ್ಳುವಷ್ಟರಲ್ಲಿ ಆ ಚಿನ್ನದ ಬಣ್ಣ ಹೋಗಿಬಿಟ್ಟಿರುತ್ತದೆ. ಅಜೋರ್ಸ್ ಇರುವುದು 37ರಿಂದ 39 ಡಿಗ್ರಿಯಲ್ಲಿ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ, ಬಣ್ಣ ಹೆಚ್ಚು ಹೊತ್ತು ನಿಲ್ಲುತ್ತದೆ. ಇನ್ನೂ ಉತ್ತರಕ್ಕೆ ಐಸ್‌ಲ್ಯಾಂಡ್‌ಗೆ ಹೋದರೆ ಜೂನ್‌ನಲ್ಲಿ ಕತ್ತಲೇ ಆಗುವುದಿಲ್ಲ. ಅಜೋರ್ಸ್‌ನಲ್ಲಿ ನಮಗೆ ಕೆಲಸ ಇರುವುದು ಬೆಳಗ್ಗೆ, ಸಂಜೆ. ಹಾಗಾಗಿ ನಮ್ಮ ಊಟ ನಿದ್ದೆಯೆಲ್ಲ ಮಧ್ಯಾಹ್ನಕ್ಕೆ ಹೋಗಬೇಕು.

ಈಗ ಆ ದ್ವೀಪಗಳ ಕಪ್ಪು ಕಲ್ಲಿನ ವಿಷಯ, ಅಂದರೆ ಜ್ವಾಲಾಮುಖಿಯಿಂದ ಉಕ್ಕಿ ಗಟ್ಟಿಯಾದ ಲಾವಾ. ಮದುವೆ ಫೋಟೋ ತೆಗೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ರಿಸೆಪ್ಷನ್‌ನಲ್ಲಿ ಗಂಡು ಕಪ್ಪು ಸೂಟ್ ಹಾಕಿ ನಿಂತಾಗ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಸೂಟ್ ಬೂದಿ ಬಣ್ಣಕ್ಕೆ ಬರುತ್ತದೆ. ಕಪ್ಪು ಜಾಸ್ತಿ ಕಂಡರೆ ಕತ್ತಲೆ ಅಂದುಕೊಂಡು ಕ್ಯಾಮೆರಾ ಬೆಳಕು ಏರಿಸುತ್ತದೆ. ಲಾವಾ ಕಲ್ಲಿನಲ್ಲೂ ಹಾಗೇ. ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತಂದು ತೆಗೆದರೆ ಕಲ್ಲು ಕಲ್ಲಾಗಿ ಉಳಿಯುತ್ತದೆ, ಬಡಿಯುವ ಅಲೆಯ ಬಿಳಿ ನೊರೆಯೂ ಉಳಿಯುತ್ತದೆ. ಕಲ್ಲು ಒದ್ದೆಯಾಗಿದ್ದರೆ ಆಕಾಶವೆಲ್ಲ ಅದರ ಮೇಲೆ ಹೊಳೆಯುತ್ತದೆ. ಲೆನ್ಸ್‌ಗೆ ಪೋಲರೈಜರ್ ಅನ್ನುವ, ಹೊಳಪು ತಗ್ಗಿಸುವ ಫಿಲ್ಟರ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾ ಬನ್ನಿ, ಒಂದು ಕಡೆ ಆ ಹೊಳಪು ಆರಿ ಒಳಗಿನ ಕಪ್ಪು ಕಾಣುತ್ತದೆ. ಲೆನ್ಸ್ ಮೇಲೆ ಬಿದ್ದ ಉಪ್ಪು ನೀರನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಮೊದಲು ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಬೂದಿ ಆದರೆ ಮುಟ್ಟಲೇಬೇಡಿ, ಊದಿ ಹಾರಿಸಿ. ಜ್ವಾಲಾಮುಖಿ ಬೂದಿ ಅಂದರೆ ಪುಡಿಪುಡಿಯಾದ ಕಲ್ಲು ಮತ್ತು ಗಾಜು, ಗೀರು ಬೀಳುತ್ತದೆ.

ಇದನ್ನೆಲ್ಲ ಅಲ್ಲಿಗೆ ಹೋಗಿ ಕಲಿಯಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ ಲಾವಾ ಇದೆ. ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯ ಕಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಮ್ಮ ಚಿನ್ನದ ಗಣಿ ಇರುವ ಕಪ್ಪು ಕಲ್ಲಿನ ಪಟ್ಟಿ ಸುಮಾರು 270 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ. ಕಾದ ಎಣ್ಣೆಗೆ ಬೋಂಡದ ಹಿಟ್ಟು ಬಿಟ್ಟರೆ ಏನಾಗುತ್ತದೆ? ಹೊರಗಿನ ಪದರ ತಕ್ಷಣ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಲಾವಾ ತಣ್ಣೀರಿಗೆ ಬಿದ್ದಾಗಲೂ ಹೀಗೇ ದುಂಡಗೆ, ದಿಂಬಿನ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ದಿಂಬು ಲಾವಾ ಅನ್ನುತ್ತಾರೆ. ಅಜೋರ್ಸ್ ಸುತ್ತಲಿನ ಸಮುದ್ರದ ತಳದಲ್ಲೂ ಇಂಥದ್ದೇ ಇರುತ್ತದೆ. ಅಲ್ಲಿ ಅದು ನೀರಿನಡಿ, ಇಲ್ಲಿ ಬಸ್ಸಿನಲ್ಲಿ ಹೋಗಿ ಮುಟ್ಟಬಹುದು. ಸುತ್ತಿಗೆ ಮಾತ್ರ ತಗೊಂಡು ಹೋಗಬೇಡಿ, ಒಂದು ಚೂರನ್ನೂ ಒಡೆಯಬೇಡಿ.

ಉಪ್ಪುಗಾಳಿಯಲ್ಲಿ ಕ್ಯಾಮೆರಾ ಹಿಡಿದು ಅಭ್ಯಾಸ ಮಾಡಲು ಉಡುಪಿಯ ಮಲ್ಪೆ ಇದೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ, ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷದ ಹಿಂದೆ ಹರಿದ ಲಾವಾ ಅಲ್ಲಿ ಕಂಬ ಕಂಬವಾಗಿ ನಿಂತಿದೆ. ಬತ್ತಿದ ಕೆರೆಯ ಮಣ್ಣು ಬಿರುಕು ಬಿಡುವುದನ್ನು ಕೋಲಾರದವರು ನೋಡದೆ ಇದ್ದಾರೆಯೇ? ಲಾವಾ ತಣ್ಣಗಾಗಿ ಕುಗ್ಗುವಾಗ ಅದೇ ಬಿರುಕು ಕೆಳಗಿನವರೆಗೂ ಇಳಿದು ಐದಾರು ಮೂಲೆಯ ಕಂಬಗಳಾಗುತ್ತವೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಅದನ್ನು ನೋಡಿಕೊಂಡು ಹೋಗಿ.

ಇನ್ನೊಂದು ವಿಷಯ, ಇದು ನನ್ನನ್ನು ಕಾಡುವಂಥದ್ದು. 2021ರ ಸೆಪ್ಟೆಂಬರ್ 19ರಂದು ಸ್ಪೇನ್‌ನ ಲಾ ಪಾಲ್ಮಾ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿಯಿತು. 85 ದಿನ ಉರಿಯಿತು. ಸಾವಿರಕ್ಕೂ ಹೆಚ್ಚು ಮನೆ ಹೋದವು, ಬಾಳೆ ತೋಟಗಳು ಲಾವಾ ಕೆಳಗೆ ಸೇರಿದವು. ಈಗ ಅಲ್ಲಿಯ ಫೋಟೋಗಳು ತುಂಬಾ ಚೆನ್ನಾಗಿವೆ ಅಂತ ಎಲ್ಲರೂ ಹಂಚಿಕೊಳ್ಳುತ್ತಾರೆ. ನನಗೆ ಕೆಜಿಎಫ್‌ನ ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ ನೆನಪಾಗುತ್ತದೆ. 2001ರಲ್ಲಿ ಗಣಿ ಮುಚ್ಚಿತು, ಗುಡ್ಡ ಉಳಿಯಿತು. ಅಲ್ಲಿಗೆ ಬಂದು ಬೇರೆ ಗ್ರಹದ ಥರ ಇದೆ ಅಂತ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಗಾಳಿ ಬೀಸಿದರೆ ಆ ಪುಡಿ ಹೋಗಿ ಕೂರುವುದು ಪಕ್ಕದ ಮನೆಗಳಲ್ಲಿ. ನಮ್ಮ ಊರಿಗೆ ಬರುವವರು ಹೇಗೆ ಇರಬೇಕು ಅಂತ ನಾವು ಬಯಸುತ್ತೇವೋ, ಅಲ್ಲಿ ನಾವೂ ಹಾಗೇ ಇರೋಣ. ಬೇಲಿ ಹಾಕಿದ್ದರೆ ದಾಟಬೇಡಿ. ಅದು ಯಾರದೋ ತೋಟ ಆಗಿತ್ತು.

ಕಾಗದಪತ್ರದ ಕೆಲಸ ಬೇಗ ಹೇಳುತ್ತೇನೆ. ಅಜೋರ್ಸ್‌ಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ ಬೇಕು, ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, 30,000 ಯೂರೋ ಮೊತ್ತದ ಪ್ರಯಾಣದ ವೈದ್ಯಕೀಯ ವಿಮೆ ಇರಲೇಬೇಕು. ಬ್ಯಾಟರಿಗಳೆಲ್ಲ ಕೈಚೀಲದಲ್ಲೇ ಇರಲಿ. ಹೊರಡುವ ದಿನ ದೇವನಹಳ್ಳಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕ್ಯಾಮೆರಾ, ಲೆನ್ಸ್‌ಗಳ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೊಳ್ಳಿ, ವಾಪಸ್ ಬರುವಾಗ ಹೊಸದು ಅಂತ ಸುಂಕ ಕೇಳುವ ಪ್ರಶ್ನೆ ಬರುವುದಿಲ್ಲ. ಅಷ್ಟು ದುಡ್ಡು ಇಲ್ಲ ಅನ್ನುವವರಿಗೆ ಮಾರಿಷಸ್ ಇದೆ. ಅದೂ ಜ್ವಾಲಾಮುಖಿ ದ್ವೀಪವೇ, ನಮಗೆ ಮುಂಚೆಯೇ ವೀಸಾ ಮಾಡಿಸುವ ತಾಪತ್ರಯ ಇಲ್ಲ. ಸಮುದ್ರದ ಅಂಚಿನಲ್ಲೇ ನೆಟ್ಟಗೆ ಎದ್ದ ಲ ಮೋರ್ನ್ ಬೆಟ್ಟದ ಮುಂದೆಯೇ ಒಂದು ವಾರ ಕಳೆಯಬಹುದು. ಅಂಡಮಾನ್‌ನ ಬ್ಯಾರನ್ ಅನ್ನುವ ಜ್ವಾಲಾಮುಖಿ ದ್ವೀಪದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದರ ಮೇಲೆ ಇಳಿಯಲು ಬಿಡುವುದಿಲ್ಲ, ದೋಣಿಯಿಂದಲೇ ನೋಡಬೇಕು.

ನಿನ್ನೆ ರಾತ್ರಿ ಹೊಸ ಪ್ಲಾನ್ ಬರೆದು ಗೆಳೆಯನಿಗೆ ಕಳಿಸಿದೆ. ಹನ್ನೆರಡು ದಿನ, ಸಾವೋ ಮಿಗೆಲ್, ಒಂದೇ ಮನೆ, ಒಂದು ಕಾರು. ಹೋಗುವ ಬರುವ ದಿನ ಬಿಟ್ಟರೆ ಉಳಿದ ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ. ಪಕ್ಕದಲ್ಲಿ ಜಾಗಗಳ ಹೆಸರು, ಯಾವ ಗಾಳಿಗೆ ಯಾವ ಜಾಗ ಅಂತ ಒಂದು ಟಿಪ್ಪಣಿ. ಅವನು ತುಂಬಾ ಹೊತ್ತು ಉತ್ತರ ಕೊಡಲಿಲ್ಲ. ಹನ್ನೊಂದು ಗಂಟೆಗೆ ಬಂತು: "ಅಣ್ಣ, ಭಾನುವಾರ ಪೆದ್ದಪಲ್ಲಿಗೆ ಎಷ್ಟು ಹೊತ್ತಿಗೆ ಹೊರಡೋಣ?"

ಐದಕ್ಕೆ ಅಂತ ಹೇಳಿದ್ದೇನೆ. ಆರು ಗಂಟೆಯ ಓರೆ ಬೆಳಕು ಆ ಕಲ್ಲಿನ ಮೇಲೆ ಬೀಳುವಷ್ಟರಲ್ಲಿ ಟ್ರೈಪಾಡ್ ನಿಂತಿರಬೇಕು.